ಸಾವಿರದ ಮುನ್ನೂರರಲ್ಲಿ ಒಂದು ಪಿನ್ನು

ಕಂಪ್ಯೂಟರಿನ ಪ್ರೊಸೆಸರ್ ಎಂದರೆ ಉಗುರಿನಷ್ಟಗಲದ ಸಿಲಿಕಾನ್ ಬಿಲ್ಲೆ ಎಂಬ ಕಲ್ಪನೆ ಸಾಮಾನ್ಯವಾಗಿದ್ದರೂ, ಆ ಬಿಲ್ಲೆಯೊಂದನ್ನೇ ತೆಗೆದು ಮೇಜಿನ ಮೇಲಿಟ್ಟರೆ ಅದರಿಂದ ಯಾವ ಕೆಲಸವೂ ನಡೆಯದು. ಅದಕ್ಕೆ ಕರೆಂಟು ಹರಿಯಬೇಕು, ಲೆಕ್ಕ ಹಾಕಬೇಕಾದ ಅಂಕಿಗಳು ಒಳಗೆ ಬರಬೇಕು, ಹಾಕಿದ ಲೆಕ್ಕದ ಫಲ ಹೊರಗೆ ಹೋಗಬೇಕು. ಈ ಹೋಗಿಬರುವ ದಾರಿಗಳೇ ಪ್ರೊಸೆಸರಿನ ತಳದಲ್ಲಿ ಬ್ರಷ್ಷಿನ ಎಳೆಗಳಂತೆ ಒತ್ತೊತ್ತಾಗಿ ನಿಂತಿರುವ ಪಿನ್ನುಗಳು. ಎಎಂಡಿ ಕಂಪನಿಯ ಎಎಂ4 ಎಂಬ ಸಾಕೆಟ್ಟಿಗೆ ಹೊಂದುವಂತೆ 2017ರಿಂದ ಮಾರುಕಟ್ಟೆಗೆ ಬಂದ ರೈಝೆನ್ ಪ್ರೊಸೆಸರುಗಳನ್ನು ತಿರುಗಿಸಿ ನೋಡಿದರೆ, ಒಂದು ಬದಿಗೆ 40 ಮಿಲಿಮೀಟರ್ ಇರುವ ಚೌಕದಲ್ಲಿ 1331 ಪಿನ್ನುಗಳು ಒಂದಕ್ಕೊಂದು 1 ಮಿಲಿಮೀಟರ್ ಅಂತರದಲ್ಲಿ ಸಾಲುಗಟ್ಟಿರುವುದು ಕಾಣುತ್ತದೆ. ಕೈಜಾರಿ ನೆಲಕ್ಕೆ ಬಿದ್ದಾಗಲೋ, ಮೇಲೆ ಕುಳಿತು ಅದರ ಬಿಸಿಯನ್ನು ಹೀರುವ ಶಾಖಹಾರಿಯನ್ನು (ಹೀಟ್ ಸಿಂಕ್) ಎಳೆಯುವಾಗಲೋ ಈ ಸಾಲಿನಲ್ಲಿ ಒಂದು ಪಿನ್ನು ಮುರಿದುಹೋದರೆ, ಸಾವಿರಾರು ರೂಪಾಯಿಯ ಪ್ರೊಸೆಸರ್ ಕಸದ ಬುಟ್ಟಿಗೆ ಸೇರಬೇಕಾದದ್ದೇ ಎಂದು ಅನೇಕರು ತೀರ್ಮಾನಿಸಿಬಿಡುತ್ತಾರೆ. ಆ ತೀರ್ಮಾನ ಬಹಳಷ್ಟು ಸಲ ಆತುರದ್ದು. ಮುರಿದ ಪಿನ್ನು ಯಾವುದು, ಅದು ಮಾಡುತ್ತಿದ್ದ ಕೆಲಸ ಯಾವುದು ಎಂದು ತಿಳಿಯುವ ಮೊದಲು ಪ್ರೊಸೆಸರಿನ ಅಳಿವು ಉಳಿವನ್ನು ಹೇಳಲು ಯಾರಿಗೂ ಸಾಧ್ಯವಿಲ್ಲ, ತಿಳಿದ ಮೇಲೆ ಬಹುಮಟ್ಟಿಗೆ ಹೇಳಬಹುದು.

ಹದಿನಾರು ಕಾಲುಗಳಿಂದ ಸಾವಿರಕ್ಕೆ

1971ರಲ್ಲಿ ಇಂಟೆಲ್ ಹೊರತಂದ 4004 ಎಂಬ ಮೈಕ್ರೋಪ್ರೊಸೆಸರಿನಲ್ಲಿ ಸುಮಾರು 2300 ಟ್ರಾನ್ಸಿಸ್ಟರುಗಳಿದ್ದವು, ಪಿನ್ನುಗಳಾದರೋ ಕೇವಲ 16. ಏಳು ವರ್ಷಗಳ ನಂತರ, 1978ರಲ್ಲಿ ಬಂದ 8086ರಲ್ಲಿ ಅವುಗಳ ಸಂಖ್ಯೆ 40ಕ್ಕೆ ಏರಿತು. ಈ ಹಳೆಯ ಚಿಪ್ಪುಗಳಲ್ಲಿ ಪಿನ್ನು ಎಂಬುದು ದುಬಾರಿ ಸಾಮಗ್ರಿಯಾಗಿದ್ದರಿಂದ ಒಂದೇ ಪಿನ್ನಿಗೆ ಎರಡು ಮೂರು ಕೆಲಸಗಳನ್ನು ವಹಿಸುವ ಪದ್ಧತಿ ಇತ್ತು. 8086 ತನ್ನ 20 ವಿಳಾಸ ತಂತಿಗಳ ಪೈಕಿ 16ನ್ನು ದತ್ತಾಂಶಕ್ಕೂ ಬಳಸುತ್ತಿತ್ತು, ಅಂದರೆ ಮೊದಲು ನೆನಪುಕೋಶದ ಯಾವ ಮನೆಯ ಬಾಗಿಲು ತಟ್ಟಬೇಕು ಎಂಬ ವಿಳಾಸವನ್ನೂ, ಮರುಕ್ಷಣದಲ್ಲಿ ಆ ಮನೆಗೆ ಕೊಡಬೇಕಾದ ಅಥವಾ ಅಲ್ಲಿಂದ ತರಬೇಕಾದ ಅಂಕಿಯನ್ನೂ ಅದೇ ಪಿನ್ನುಗಳು ಹೊರುತ್ತಿದ್ದವು. ಕರೆಂಟು ತರಲು ಒಂದು ಪಿನ್ನು, ಅದು ಮರಳಿ ಹೋಗಲು, ಎಂದರೆ ಗ್ರೌಂಡಿಗೆ, ಎರಡು ಪಿನ್ನುಗಳು ಸಾಕಾಗಿದ್ದವು. ಅಂಥ ಚಿಪ್ಪಿನಲ್ಲಿ ಒಂದು ಕಾಲು ಮುರಿಯಿತೆಂದರೆ ಹೆಚ್ಚುಕಡಿಮೆ ಇಡೀ ಚಿಪ್ಪೇ ಕುಂಟಿದಂತೆ, ಏಕೆಂದರೆ ಆ ಕೆಲಸಕ್ಕೆ ಬೇರೆ ಕಾಲು ಇರಲಿಲ್ಲ.

ಇಂದಿನ ಪ್ರೊಸೆಸರುಗಳಲ್ಲಿ ಸ್ಥಿತಿ ಬೇರೆ. ಟ್ರಾನ್ಸಿಸ್ಟರುಗಳು ಚಿಕ್ಕದಾದಷ್ಟೂ ಅವು ತಾಳಿಕೊಳ್ಳುವ ವೋಲ್ಟೇಜು ಇಳಿಯುತ್ತ ಬಂದು, ಹಿಂದೆ 5 ವೋಲ್ಟಿನಲ್ಲಿ ನಡೆಯುತ್ತಿದ್ದ ಕೆಲಸ ಈಗ ಸುಮಾರು 1.25 ವೋಲ್ಟಿನಲ್ಲಿ ನಡೆಯುತ್ತದೆ. ಆದರೆ ಟ್ರಾನ್ಸಿಸ್ಟರುಗಳ ಸಂಖ್ಯೆ ನೂರಾರು ಕೋಟಿಗೆ ಏರಿದ್ದರಿಂದ ಬೇಕಾಗುವ ಒಟ್ಟು ವಿದ್ಯುತ್ ಶಕ್ತಿ ನೂರು ವಾಟನ್ನು ಮುಟ್ಟಿತು. ಶಕ್ತಿಯನ್ನು ವೋಲ್ಟೇಜಿನಿಂದ ಭಾಗಿಸಿದರೆ ಹರಿಯುವ ಪ್ರವಾಹ ಸಿಗುತ್ತದೆ: 100 ವಾಟನ್ನು 1.25 ವೋಲ್ಟಿನಿಂದ ಭಾಗಿಸಿದರೆ 80 ಆಂಪಿಯರ್. ಮನೆಯಲ್ಲಿ ನೀರು ಕಾಯಿಸುವ ಗೀಸರಿನ ದಪ್ಪ ತಂತಿಯಲ್ಲಿ ಹರಿಯುವುದು ಹದಿನೈದು ಆಂಪಿಯರಿನೊಳಗೆ ಎಂಬುದನ್ನು ನೆನೆದರೆ, ಅದರ ಐದಾರು ಪಟ್ಟು ಪ್ರವಾಹವನ್ನು ಅರ್ಧ ಮಿಲಿಮೀಟರಿಗಿಂತ ತೆಳ್ಳಗಿನ ಕಡ್ಡಿಗಳ ಮೂಲಕ ಹಾಯಿಸಬೇಕಾದ ಕಷ್ಟ ಅರ್ಥವಾಗುತ್ತದೆ. ಇದಕ್ಕಿರುವ ಉಪಾಯ ಒಂದೇ, ಹೊರೆಯನ್ನು ಹಂಚುವುದು. ಆದ್ದರಿಂದ ಇಂದಿನ ಪ್ರೊಸೆಸರಿನ ಪಿನ್ನುಗಳಲ್ಲಿ ಬಹಳ ದೊಡ್ಡ ಪಾಲು ಯಾವ ಮಾಹಿತಿಯನ್ನೂ ಹೊರುವುದಿಲ್ಲ. ಅವು ಕರೆಂಟು ತರುವ ಮತ್ತು ಮರಳಿ ಒಯ್ಯುವ ಕೂಲಿಯಾಳುಗಳ ದಂಡು, ಮತ್ತು ಪ್ರೊಸೆಸರಿನ ಒಳಗೆ ಒಂದೇ ತಾಮ್ರದ ಹಾಳೆಗೆ ಕೂಡಿಕೊಂಡಿರುವುದರಿಂದ ಒಬ್ಬರ ಕೆಲಸವನ್ನು ಇನ್ನೊಬ್ಬರು ಮಾಡಬಲ್ಲವರು.

ನಾಲ್ಕು ಬಗೆಯ ನಷ್ಟ

ಕೆಲಸದ ದೃಷ್ಟಿಯಿಂದ ಪಿನ್ನುಗಳನ್ನು ನಾಲ್ಕು ಗುಂಪಾಗಿ ವಿಂಗಡಿಸಿದರೆ, ಮುರಿದಾಗ ಆಗುವ ನಷ್ಟವೂ ನಾಲ್ಕು ಬಗೆಯದು ಎಂದು ತಿಳಿಯುತ್ತದೆ.

ಮೊದಲನೆಯ ಗುಂಪು ಮೇಲೆ ಹೇಳಿದ ಕರೆಂಟು ಮತ್ತು ಗ್ರೌಂಡ್ ಪಿನ್ನುಗಳದು. 80 ಆಂಪಿಯರ್ ಪ್ರವಾಹವನ್ನು 100 ಪಿನ್ನುಗಳು ಸಮನಾಗಿ ಹಂಚಿಕೊಂಡಿವೆ ಎಂದಿಟ್ಟುಕೊಂಡರೆ ಒಂದೊಂದರ ಪಾಲು 0.8 ಆಂಪಿಯರ್ ಆಗುತ್ತದೆ. ಒಂದು ಮುರಿದರೆ ಉಳಿದ 99ರಲ್ಲಿ ಒಂದೊಂದರ ಪಾಲು ಸುಮಾರು 0.808ಕ್ಕೆ ಏರುತ್ತದೆ, ಅಂದರೆ ಶೇಕಡ 1ರಷ್ಟು ಹೆಚ್ಚು. ಪಿನ್ನಿನಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾದ್ದರಿಂದ ಅದು ಶೇಕಡ 2ರಷ್ಟು ಹೆಚ್ಚುತ್ತದೆ. ವಾಸ್ತವದಲ್ಲಿ ಮುರಿದ ಪಿನ್ನಿನ ಅಕ್ಕಪಕ್ಕದವುಗಳ ಮೇಲೆ ಹೊರೆ ತುಸು ಹೆಚ್ಚು ಬೀಳುತ್ತದಾದರೂ, ಅಂಥ ಒಂದು ಪಿನ್ನು ಇಲ್ಲದ ಪ್ರೊಸೆಸರ್ ಏನೂ ಆಗದಂತೆ ಕೆಲಸ ಮಾಡುತ್ತಿರುವುದು ಸಾಮಾನ್ಯ. ಆದರೆ ಗ್ರೌಂಡ್ ಪಿನ್ನುಗಳಿಗೆ ಇನ್ನೊಂದು ಹೊಣೆಯೂ ಇದೆ. ವೇಗದ ಸಂಕೇತಗಳು ಹೋದ ದಾರಿಯ ಪಕ್ಕದಲ್ಲೇ ಮರಳುವ ದಾರಿಯೂ ಇದ್ದರೆ ಮಾತ್ರ ಅವು ಕಲಬೆರಕೆಯಾಗದೆ ಉಳಿಯುತ್ತವೆ. ಆದ್ದರಿಂದ ಒಂದೇ ಜಾಗದಲ್ಲಿ ನಾಲ್ಕಾರು ಗ್ರೌಂಡ್ ಪಿನ್ನುಗಳು ಹೋದರೆ ಲೆಕ್ಕ ಬೇರೆಯಾಗುತ್ತದೆ.

ಎರಡನೆಯ ಗುಂಪು ಮೆಮೊರಿಗೆ ಹೋಗುವ ಪಿನ್ನುಗಳದು. ಡಿಡಿಆರ್4 ಮೆಮೊರಿಯ ಒಂದು ಚಾನೆಲ್ಲಿನಲ್ಲಿ, ಅಂದರೆ ಪ್ರೊಸೆಸರಿಗೂ ಮೆಮೊರಿಗೂ ನಡುವಿನ ಒಂದು ಹೆದ್ದಾರಿಯಲ್ಲಿ, 64 ದತ್ತಾಂಶ ತಂತಿಗಳು ಒಟ್ಟಿಗೆ ಓಡುತ್ತವೆ. ಅವುಗಳಲ್ಲಿ ಒಂದು ತುಂಡಾದರೆ ಪ್ರತಿ ಸಾಗಾಟದಲ್ಲೂ 64 ಬಿಟ್‌ಗಳ ಪೈಕಿ ಒಂದು ನಂಬಲಾಗದ್ದಾಗುತ್ತದೆ. ಕಂಪ್ಯೂಟರ್ ಚಾಲೂ ಆಗುವಾಗ ನಡೆಯುವ ಮೆಮೊರಿ ಪರೀಕ್ಷೆಯೇ ಆ ಚಾನೆಲ್ಲನ್ನು ತಿರಸ್ಕರಿಸುತ್ತದೆ. ವಿಳಾಸದ ತಂತಿ ತುಂಡಾದರೆ ಕೇಡು ಇನ್ನೂ ಗಹನವಾದದ್ದು. ಬೀದಿಯ ಎಲ್ಲ ಮನೆಗಳ ಸಂಖ್ಯೆಯಲ್ಲಿ ಒಂದು ಅಂಕಿ ಅಳಿಸಿಹೋದರೆ ಎರಡು ಬೇರೆ ಬೇರೆ ಮನೆಗಳ ಕಾಗದ ಒಂದೇ ಮನೆಗೆ ಬಂದು ಬೀಳುವಂತೆ, ಎರಡು ವಿಳಾಸಗಳಿಗೆ ಬರೆದ ಅಂಕಿಗಳು ಒಂದೇ ಕೋಶಕ್ಕೆ ಹೋಗಿ ಒಂದನ್ನೊಂದು ಅಳಿಸುತ್ತವೆ. ಎಎಂ4 ಪ್ರೊಸೆಸರಿಗೆ ಇಂಥ ಚಾನೆಲ್ಲುಗಳು ಎರಡಿರುವುದರಿಂದ, ಕೆಟ್ಟ ಚಾನೆಲ್ಲಿನ ಮೆಮೊರಿ ಪಟ್ಟಿಯನ್ನು ಕಿತ್ತು ಇನ್ನೊಂದರಲ್ಲಷ್ಟೇ ಹಾಕಿದರೆ ಯಂತ್ರ ಚಾಲೂ ಆಗುವ ಸಂಭವ ಚೆನ್ನಾಗಿದೆ. ಮೆಮೊರಿಯ ವೇಗ ಅರ್ಧಕ್ಕಿಳಿದರೂ ಕಂಪ್ಯೂಟರ್ ಬದುಕುತ್ತದೆ.

ಮೂರನೆಯದು ಗ್ರಾಫಿಕ್ಸ್ ಕಾರ್ಡು, ಎಸ್‌ಎಸ್‌ಡಿ ಮೊದಲಾದ ಸಾಧನಗಳ ಜೊತೆ ಮಾತನಾಡುವ ಪಿಸಿಐ ಎಕ್ಸ್‌ಪ್ರೆಸ್ ಪಿನ್ನುಗಳ ಗುಂಪು. ಈ ಸಂಪರ್ಕವನ್ನು ರೂಪಿಸಿದವರು ದೂರದೃಷ್ಟಿಯಿಂದ ಒಂದು ಅನುಕೂಲ ಮಾಡಿಟ್ಟಿದ್ದಾರೆ. ಚಾಲೂ ಆದೊಡನೆ ಎರಡೂ ಕಡೆಯ ಚಿಪ್ಪುಗಳು ಎಷ್ಟು ಪಥಗಳು ಸರಿಯಾಗಿವೆ ಎಂದು ಪರಸ್ಪರ ವಿಚಾರಿಸಿಕೊಂಡು, 16 ಪಥಗಳಲ್ಲಿ ಒಂದು ಕೆಟ್ಟಿದ್ದರೆ 8ಕ್ಕೋ 4ಕ್ಕೋ ಒಪ್ಪಂದ ಮಾಡಿಕೊಳ್ಳುತ್ತವೆ. ಆಗ ಯಂತ್ರ ನಿಲ್ಲುವುದಿಲ್ಲ, ತುಸು ನಿಧಾನವಾಗುತ್ತದೆ ಅಷ್ಟೆ. ನಾಲ್ಕನೆಯ ಗುಂಪು ಸಂಖ್ಯೆಯಲ್ಲಿ ಅತಿ ಚಿಕ್ಕದಾದರೂ ಅಧಿಕಾರದಲ್ಲಿ ಎಲ್ಲಕ್ಕಿಂತ ದೊಡ್ಡದು. ಎಲ್ಲ ಕೆಲಸಕ್ಕೂ ತಾಳ ಹಾಕುವ ಗಡಿಯಾರದ ಸಂಕೇತ, ಕೆಲಸ ಮೊದಲಿನಿಂದ ಶುರುವಾಗಲಿ ಎನ್ನುವ ರೀಸೆಟ್ ಸಂಕೇತ, ಕರೆಂಟು ಸರಿಯಾಗಿ ಬಂದಿದೆ ಎಂದು ತಿಳಿಸುವ ಸಂಕೇತ, ಎಷ್ಟು ವೋಲ್ಟೇಜು ಬೇಕೆಂದು ಮದರ್‌ಬೋರ್ಡಿಗೆ ಹೇಳುವ ಸಂಕೇತ ಇವೆಲ್ಲ ಈ ಗುಂಪಿಗೆ ಸೇರಿದವು. ಇವುಗಳಲ್ಲಿ ಒಂದು ಹೋದರೂ ಫ್ಯಾನು ತಿರುಗಿ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಈ ನಾಲ್ಕರ ಜೊತೆಗೆ ಮುಂದೆ ಬೇಕಾಗಬಹುದೆಂದು ಕಾಯ್ದಿಟ್ಟ, ಒಳಗೆ ಯಾವುದಕ್ಕೂ ಕೂಡಿಸದ ಪಿನ್ನುಗಳೂ ಕೆಲವಿರುತ್ತವೆ. ಮುರಿದದ್ದು ಅಂಥದ್ದಾಗಿದ್ದರೆ ಕಳೆದುಕೊಂಡದ್ದು ಏನೂ ಇಲ್ಲ.

ನಕ್ಷೆ ಓದುವ ಬಗೆ

ಮುರಿದ ಪಿನ್ನು ಯಾವ ಗುಂಪಿನದು ಎಂದು ತಿಳಿಯಲು ಪಿನ್ ನಕ್ಷೆ ಎಂಬ ಚೌಕಟ್ಟನ್ನು ನೋಡಬೇಕು. ಚದುರಂಗದ ಮಣೆಯಂತೆ ಒಂದು ದಿಕ್ಕಿನ ಸಾಲುಗಳಿಗೆ ಇಂಗ್ಲಿಷ್ ಅಕ್ಷರಗಳನ್ನೂ ಇನ್ನೊಂದು ದಿಕ್ಕಿನವಕ್ಕೆ ಅಂಕಿಗಳನ್ನೂ ಕೊಟ್ಟಿರುತ್ತಾರೆ. ಇಲ್ಲಿ ಹೊಸಬರು ಎರಡು ಕಡೆ ಎಡವುತ್ತಾರೆ. ಮೊದಲನೆಯದಾಗಿ, ಅಂಕಿಗಳೊಡನೆಯೋ ಬೇರೆ ಅಕ್ಷರಗಳೊಡನೆಯೋ ಗೊಂದಲವಾಗದಿರಲೆಂದು ಐ, ಓ, ಕ್ಯೂ, ಎಸ್, ಎಕ್ಸ್, ಜೆಡ್ ಎಂಬ ಆರು ಅಕ್ಷರಗಳನ್ನು ಬಿಟ್ಟಿರುವುದರಿಂದ ಎಚ್ ಆದ ಮೇಲೆ ಬರುವುದು ಐ ಅಲ್ಲ, ಜೆ. ಇದನ್ನರಿಯದೆ ಎಣಿಸಿದವರು ಒಂದು ಸಾಲು ಆಚೆಗೆ ಹೋಗಿ, ಗ್ರೌಂಡ್ ಪಿನ್ನನ್ನು ಗಡಿಯಾರದ ಪಿನ್ನೆಂದು ಭ್ರಮಿಸಿ ನಿರಾಶರಾಗಬಹುದು. ಎರಡನೆಯದಾಗಿ, ನಕ್ಷೆಯನ್ನು ಪ್ರೊಸೆಸರಿನ ಮೇಲಿನಿಂದ ನೋಡಿದಂತೆ ಬರೆದಿದ್ದಾರೆಯೇ ಪಿನ್ನುಗಳ ಕಡೆಯಿಂದ ನೋಡಿದಂತೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಒಂದು ಇನ್ನೊಂದರ ಕನ್ನಡಿಬಿಂಬ. ಒಂದು ಮೂಲೆಯಲ್ಲಿ ಅಚ್ಚಾಗಿರುವ ಚಿಕ್ಕ ಚಿನ್ನದ ತ್ರಿಕೋನವನ್ನು ಆಧಾರವಾಗಿಟ್ಟುಕೊಂಡು ಎರಡು ಸಲ ಎಣಿಸಿ, ಎರಡೂ ಎಣಿಕೆ ಕೂಡಿಬಂದರೆ ಮಾತ್ರ ಆ ಪಿನ್ನಿನ ಹೆಸರನ್ನು ನಂಬಬೇಕು.

ಬಾಗಿದ್ದು ಮುರಿಯುವುದು ಏಕೆ

ಅನೇಕ ಪಿನ್ನುಗಳು ಬೀಳುವಾಗ ಮುರಿಯುವುದಿಲ್ಲ, ಬರೀ ಬಾಗುತ್ತವೆ, ಮುರಿಯುವುದು ಅವನ್ನು ನೆಟ್ಟಗೆ ಮಾಡುವ ಕೈಯಲ್ಲಿ. ಇದರ ಕಾರಣ ಲೋಹದ ಒಳರಚನೆಯಲ್ಲಿದೆ. ಈಗಿನ ಪಿನ್ನುಗಳು ಸಾಮಾನ್ಯವಾಗಿ ತಾಮ್ರದ ಮಿಶ್ರಲೋಹದವು. ಅದರ ಮೇಲೆ ನಿಕ್ಕಲ್ಲಿನ ಪದರ, ಅದರ ಮೇಲೆ ತುಕ್ಕು ಹಿಡಿಯದಂತೆ ಕಾಯುವ ಚಿನ್ನದ ತೆಳುಲೇಪ ಇರುತ್ತದೆ. ಚಿನ್ನದೊಳಕ್ಕೆ ತಾಮ್ರ ನಿಧಾನವಾಗಿ ನುಸುಳಿಹೋಗದಂತೆ ತಡೆಯುವ ಗೋಡೆಯೇ ನಡುವಿನ ನಿಕ್ಕಲ್. ಲೋಹದ ಪರಮಾಣುಗಳು ಜೋಡಿಸಿಟ್ಟ ಇಟ್ಟಿಗೆಗಳಂತೆ ಪದರ ಪದರವಾಗಿ ನಿಂತಿದ್ದು, ಆ ಜೋಡಣೆಯಲ್ಲಿ ಅಲ್ಲಲ್ಲಿ ಸಾಲು ತಪ್ಪಿದ ಜಾಗಗಳಿರುತ್ತವೆ. ಪಿನ್ನು ಬಾಗುವಾಗ ಈ ಸಾಲುತಪ್ಪುಗಳು ಪದರಗಳ ಗುಂಟ ಸರಿದಾಡುವುದರಿಂದಲೇ ಲೋಹ ಮುರಿಯದೆ ಮಣಿಯುತ್ತದೆ. ಆದರೆ ಪ್ರತಿ ಬಾಗಿಗೂ ಹೊಸ ಸಾಲುತಪ್ಪುಗಳು ಹುಟ್ಟಿ, ಜಟೆಗಟ್ಟಿದ ಕೂದಲಿನಂತೆ ಒಂದಕ್ಕೊಂದು ಸಿಕ್ಕುಬಿದ್ದು, ಸರಿದಾಡಲಾರದೆ ನಿಂತಾಗ ಲೋಹ ಗಡುಸಾಗುತ್ತದೆ, ಪೆಡಸಾಗುತ್ತದೆ. ಮುಂದಿನ ಬಾಗಿಗೆ ಹೊರಮೈಯಲ್ಲಿ ಸೂಕ್ಷ್ಮ ಬಿರುಕು ಮೂಡಿ, ಅದರ ಮುಂದಿನದಕ್ಕೆ ಪಿನ್ನು ಕೈಗೆ ಬರುತ್ತದೆ.

ಅಕ್ಕಸಾಲಿಗರಿಗೆ ಈ ಗುಣ ಹಿಂದಿನಿಂದಲೂ ಗೊತ್ತು. ತಂತಿ ಎಳೆಯುವಾಗ ಲೋಹ ಬಿರುಸಾಯಿತೆಂದರೆ ಅದನ್ನು ಕೆಂಡಕ್ಕೆ ಹಿಡಿದು ಕಾಯಿಸಿ, ಮತ್ತೆ ಹದಕ್ಕೆ ತಂದು, ಎಳೆತ ಮುಂದುವರಿಸುತ್ತಾರೆ. ಶಾಖಕ್ಕೆ ಪರಮಾಣುಗಳು ಮರುಜೋಡಣೆಗೊಂಡು ಸಿಕ್ಕುಗಳು ಬಿಡಿಸಿಕೊಳ್ಳುತ್ತವೆ. ಪ್ರೊಸೆಸರಿನ ಪಿನ್ನಿಗೆ ಆ ಭಾಗ್ಯವಿಲ್ಲ, ಏಕೆಂದರೆ ತಾಮ್ರ ಹದಗೊಳ್ಳಲು ಬೇಕಾದ ನೂರಾರು ಡಿಗ್ರಿ ಶಾಖಕ್ಕೆ ಮೊದಲೇ ಪಿನ್ನನ್ನು ಹಿಡಿದಿರುವ ಬೆಸುಗೆ ಕರಗಿ, ಕೆಳಗಿನ ಗಾಜಿನೆಳೆ–ರಾಳದ ಹಲಗೆ ಸುಟ್ಟುಹೋಗುತ್ತದೆ. ಆದ್ದರಿಂದ ನೆಟ್ಟಗೆ ಮಾಡುವ ಅವಕಾಶ ಒಂದು, ಹೆಚ್ಚೆಂದರೆ ಎರಡು ಬಾರಿಯದು ಎಂದು ತಿಳಿದೇ ಕೈಹಾಕಬೇಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯ ಕೆಳಗೆ, ಸೀಸದ ಕಡ್ಡಿ ತೆಗೆದ ಕ್ಲಿಕ್ ಪೆನ್ಸಿಲಿನ ಟೊಳ್ಳು ಮೂತಿಯನ್ನು ಪಿನ್ನಿನ ಮೇಲೆ ಬುಡದವರೆಗೆ ಇಳಿಸಿ, ಬಾಗಿದ ದಿಕ್ಕಿಗೆ ವಿರುದ್ಧವಾಗಿ, ನಿಧಾನವಾಗಿ, ಒಂದೇ ಕಡೆಗೆ ಒತ್ತುವುದು ಅನುಭವಿಗಳ ವಿಧಾನ. ನೆಟ್ಟಗಿನ ಗೆರೆಯನ್ನು ದಾಟಿ ಆಚೆಗೆ ಬಾಗಿಸಿ ಮತ್ತೆ ಈಚೆಗೆ ತರುವುದೇ ಪಿನ್ನನ್ನು ಕೊಲ್ಲುವ ತಪ್ಪು. ಸಾಲಿನ ಗೆರೆಗಿಂತ ಕೂದಲೆಳೆಯಷ್ಟು ಹಿಂದೆ ನಿಂತರೂ ಸಾಕು, ಸಾಕೆಟ್ಟಿನ ತೂತು ಅಷ್ಟನ್ನು ಸಹಿಸುತ್ತದೆ.

ಈ ಕೆಲಸಕ್ಕೆ ಮೊದಲು ಮೈಯಲ್ಲಿನ ಸ್ಥಾಯೀ ವಿದ್ಯುತ್ತನ್ನು ಭೂಮಿಗೆ ಇಳಿಸುವ ಮಣಿಕಟ್ಟಿನ ಪಟ್ಟಿ ಕಟ್ಟಿಕೊಳ್ಳುವುದು ಕಡ್ಡಾಯ. ಮನುಷ್ಯನ ಬೆರಳಿಗೆ ಚುರುಕ್ಕೆನ್ನಲು ಸುಮಾರು 3000 ವೋಲ್ಟಿನ ಕಿಡಿ ಬೇಕು, ಚಿಪ್ಪಿನೊಳಗಿನ ಪದರಗಳು ಅದಕ್ಕಿಂತ ಎಷ್ಟೋ ಕಡಿಮೆ ವೋಲ್ಟಿಗೆ ತೂತಾಗುತ್ತವೆ. ಪಿನ್ನು ಉಳಿಸಹೋದ ಕೈಗೆ ಅರಿವೇ ಆಗದಂತೆ ಚಿಪ್ಪು ಸಾಯುವುದು ಹೀಗೆ.

ಮುರಿದ ಮೇಲೆ

ಪಿನ್ನು ಮುರಿದೇ ಹೋಗಿದ್ದರೆ ಮೊದಲ ಕೆಲಸ ಮುರಿದ ತುಂಡನ್ನು ಹುಡುಕುವುದು. ಅದು ಸಾಕೆಟ್ಟಿನೊಳಗೆ ಉಳಿದಿದ್ದು ಎರಡು ಸಂಪರ್ಕಗಳ ನಡುವೆ ಅಡ್ಡ ಬಿದ್ದರೆ, ಪ್ರೊಸೆಸರಿನ ಜೊತೆಗೆ ಮದರ್‌ಬೋರ್ಡೂ ಸುಡಬಹುದು. ಅನಂತರ ಗಾಯದ ಬುಡವನ್ನು ಪರೀಕ್ಷಿಸಬೇಕು. ಪಿನ್ನು ನಡುವಿನಲ್ಲಿ ತುಂಡಾಗಿ ಮೊಂಡು ಉಳಿದಿರಬಹುದು, ಬೆಸುಗೆ ಬಿಟ್ಟು ಬುಡಸಮೇತ ಬಂದು ಕೆಳಗಿನ ತಾಮ್ರದ ಬೊಟ್ಟು ಹಾಗೆಯೇ ಉಳಿದಿರಬಹುದು, ಇಲ್ಲವೇ ಆ ಬೊಟ್ಟನ್ನೂ ಕಿತ್ತುಕೊಂಡೇ ಬಂದಿರಬಹುದು. ಮೊದಲೆರಡಕ್ಕೆ ಬೆಸುಗೆಯ ಪರಿಹಾರವಿದೆ. ಮೂರನೆಯದರಲ್ಲಿ ಹಲಗೆಯೊಳಗಿನ ದಾರಿಯೇ ಹರಿದಿರುವುದರಿಂದ ನುರಿತವರಿಗೂ ಅದು ದುಸ್ತರ.

ಬೆಸುಗೆ ಹಾಕಲು ಅದೇ ಅಳತೆಯ ಪಿನ್ನೊಂದು ಬೇಕು. ಅದನ್ನು ಸತ್ತುಹೋದ ಇನ್ನೊಂದು ಪ್ರೊಸೆಸರಿನಿಂದ ತೆಗೆಯುತ್ತಾರೆ. ಬೊಟ್ಟಿನ ಮೇಲಿನ ಹಳೆಯ ಬೆಸುಗೆಯನ್ನು ತಾಮ್ರದ ಹೆಣಿಗೆಯಿಂದ ಹೀರಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಲೋಹದ ಮೇಲಿನ ಆಕ್ಸೈಡ್ ಪೊರೆಯನ್ನು ಬಿಡಿಸುವ ಫ್ಲಕ್ಸ್ ಎಂಬ ಅಂಟುದ್ರವವನ್ನು ಸೂಜಿಮೊನೆಯಷ್ಟು ಹಚ್ಚುತ್ತಾರೆ. ಬೆಸುಗೆಯ ಆಯ್ಕೆಯಲ್ಲೇ ಅರ್ಧ ಯಶಸ್ಸಿದೆ. ಶೇಕಡ 63 ತವರ, 37 ಸೀಸದ ಹಳೆಯ ಬೆಸುಗೆ 183 ಡಿಗ್ರಿ ಸೆಲ್ಸಿಯಸ್ಸಿಗೆ ಕರಗಿದರೆ, ಸೀಸವಿಲ್ಲದ ತವರ–ಬೆಳ್ಳಿ–ತಾಮ್ರದ ಬೆಸುಗೆಗೆ ಸುಮಾರು 217 ಡಿಗ್ರಿ ಬೇಕು. ಶೇಕಡ 42 ತವರ, 58 ಬಿಸ್ಮತ್ ಇರುವ ಬೆಸುಗೆ ಮಾತ್ರ 138 ಡಿಗ್ರಿಗೇ ನೀರಾಗುತ್ತದೆ. ಅಕ್ಕಪಕ್ಕದ ಪಿನ್ನುಗಳನ್ನು ಹಿಡಿದಿರುವ ಕಾರ್ಖಾನೆಯ ಬೆಸುಗೆ ಇನ್ನೂ ಹೆಚ್ಚಿನ ಶಾಖಕ್ಕೆ ಕರಗುವಂಥದ್ದಾದ್ದರಿಂದ, ಬಿಸ್ಮತ್ತಿನ ಬೆಸುಗೆ ಬಳಸಿದರೆ ನೆರೆಯವು ಅಲುಗದೆ ನಿಲ್ಲುತ್ತವೆ. ಚಿಮುಟದಲ್ಲಿ ಹಿಡಿದ ಪಿನ್ನಿಗೆ ಕಾದ ಮೊನೆ ಒಂದೆರಡು ಸೆಕೆಂಡು ತಾಗಿದಾಗ ಬೂದುಬಣ್ಣದ ಬೆಸುಗೆ ಹಠಾತ್ತನೆ ಹೊಳೆದು ಪಿನ್ನಿನ ಬುಡವನ್ನು ಸುತ್ತಲೂ ಅಪ್ಪಿಕೊಳ್ಳುತ್ತದೆ, ಆ ಹೊಳಪೇ ಕೈ ತೆಗೆಯುವ ಸೂಚನೆ. ಗ್ರೌಂಡ್ ಪಿನ್ನಿನ ಬೊಟ್ಟಾದರೆ ಈ ಹೊಳಪು ಬರಲು ತಡವಾಗುತ್ತದೆ, ಏಕೆಂದರೆ ಅದರ ಕೆಳಗಿರುವ ಅಗಲವಾದ ತಾಮ್ರದ ಹಾಳೆ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ಆಗ ಮೊನೆಯನ್ನು ಒತ್ತಿ ಹಿಡಿಯುವ ಬದಲು ಇಡೀ ಪ್ರೊಸೆಸರನ್ನು ಮೊದಲೇ ಮೆಲ್ಲಗೆ ಬೆಚ್ಚಗಾಗಿಸಿಕೊಳ್ಳುವುದು ಸರಿಯಾದ ದಾರಿ.

ಬೆಸುಗೆ ತಣಿದ ಮೇಲೆ ಮಲ್ಟಿಮೀಟರಿನಿಂದ ಕೆಲಸವನ್ನು ಒರೆಗೆ ಹಚ್ಚಬಹುದು. ಹೊಸ ಗ್ರೌಂಡ್ ಪಿನ್ನಿಗೂ ಬೇರೊಂದು ಗ್ರೌಂಡ್ ಪಿನ್ನಿಗೂ ಸಂಪರ್ಕವಿದ್ದರೆ ಮೀಟರು ಸದ್ದು ಮಾಡುತ್ತದೆ. ಸಂಕೇತದ ಪಿನ್ನುಗಳಿಗೆ ಒಳಗೆ ರಕ್ಷಣಾ ಡಯೋಡುಗಳನ್ನು ಜೋಡಿಸಿರುವುದರಿಂದ, ಡಯೋಡ್ ಪರೀಕ್ಷೆಯಲ್ಲಿ ಹೊಸ ಪಿನ್ನು ತೋರಿಸುವ ವೋಲ್ಟೇಜನ್ನು ಅದೇ ಕೆಲಸ ಮಾಡುವ ನೆರೆಯ ಪಿನ್ನಿನದರೊಡನೆ ಹೋಲಿಸಿದರೆ ಒಳಗಿನ ದಾರಿ ಕೂಡಿದೆಯೋ ಇಲ್ಲವೋ ತಿಳಿಯುತ್ತದೆ. ಬೆಸುಗೆಯ ಬದಲು ತುಂಡಾದ ಪಿನ್ನನ್ನು ಸಾಕೆಟ್ಟಿನ ತೂತಿನಲ್ಲೇ ನಿಲ್ಲಿಸಿ, ಅದರ ಮೇಲೆ ಪ್ರೊಸೆಸರನ್ನು ಕೂರಿಸುವ ಅಡ್ಡದಾರಿಯೂ ಬಳಕೆಯಲ್ಲಿದೆ. ಅದು ಪ್ರೊಸೆಸರ್ ಬದುಕಿದೆಯೇ ಎಂದು ನೋಡಲು ಸಾಕಾದೀತು, ದಿನನಿತ್ಯದ ಬಳಕೆಗೆ ನೆಚ್ಚುವಂಥದ್ದಲ್ಲ.

ಪಿನ್ನುಗಳ ಸ್ಥಳಾಂತರ

ಈ ಅವಘಡಗಳಲ್ಲಿ ಬಹಳಷ್ಟಕ್ಕೆ ಮೂಲ ಶಾಖಹಾರಿಯ ಕೆಳಗಿನ ಶಾಖವಾಹಕ ಲೇಪ. ಅದು ವರ್ಷಗಳ ಬಳಕೆಯಲ್ಲಿ ಒಣಗಿ ಗೋಂದಿನಂತಾಗುತ್ತದೆ, ಸಾಕೆಟ್ಟಿನ ಸನ್ನೆ ಪಿನ್ನುಗಳನ್ನು ಪಕ್ಕದಿಂದಷ್ಟೇ ಒತ್ತಿ ಹಿಡಿದಿರುತ್ತದೆ. ಹೀಗಾಗಿ ಶಾಖಹಾರಿಯನ್ನು ನೇರವಾಗಿ ಮೇಲಕ್ಕೆ ಎಳೆದರೆ ಪ್ರೊಸೆಸರೂ ಅದಕ್ಕೆ ಅಂಟಿಕೊಂಡೇ ಕಿತ್ತುಬರುತ್ತದೆ. ಕಂಪ್ಯೂಟರನ್ನು ಕೆಲ ನಿಮಿಷ ಓಡಿಸಿ ಲೇಪ ಬೆಚ್ಚಗಾದ ಮೇಲೆ ಆರಿಸಿ, ಶಾಖಹಾರಿಯನ್ನು ಎಡಕ್ಕೂ ಬಲಕ್ಕೂ ತಿರುಚಿ ಬಿಡಿಸಿದರೆ ಈ ಅಪಾಯವಿಲ್ಲ.

ಪಿನ್ನನ್ನೇ ಪ್ರೊಸೆಸರಿನಿಂದ ತೆಗೆದುಬಿಡುವ ದಾರಿಯನ್ನು ಇಂಟೆಲ್ 2004ರಲ್ಲಿ 775 ಸಂಪರ್ಕಗಳ ಸಾಕೆಟ್ಟಿನೊಂದಿಗೆ ತನ್ನ ಡೆಸ್ಕ್‌ಟಾಪ್ ಪ್ರೊಸೆಸರುಗಳಿಗೆ ತಂದಿತು. ಅಲ್ಲಿ ಪ್ರೊಸೆಸರಿನ ತಳದಲ್ಲಿರುವುದು ಚಪ್ಪಟೆ ಚಿನ್ನದ ಬೊಟ್ಟುಗಳು ಮಾತ್ರ, ಸ್ಪ್ರಿಂಗಿನಂತೆ ಮಣಿಯುವ ಪಿನ್ನುಗಳು ಮದರ್‌ಬೋರ್ಡಿನ ಸಾಕೆಟ್ಟಿನಲ್ಲಿ. 2022ರಲ್ಲಿ ಎಎಂಡಿಯೂ ಎಎಂ5 ಸಾಕೆಟ್ಟಿನೊಂದಿಗೆ ಇದೇ ಪದ್ಧತಿಗೆ ಬಂದು, ಅದೇ 40 ಮಿಲಿಮೀಟರ್ ಚೌಕದಲ್ಲಿ 1718 ಸಂಪರ್ಕಗಳನ್ನು ಕೂಡಿಸಿತು. ದಾರಿ ಚಿಕ್ಕದಾದ್ದರಿಂದ ವೇಗದ ಸಂಕೇತಗಳಿಗೆ ಅನುಕೂಲವಾಯಿತು, ಪ್ರೊಸೆಸರ್ ಕೈಜಾರಿ ಬಿದ್ದರೂ ಮುರಿಯಲು ಪಿನ್ನಿಲ್ಲದಾಯಿತು. ಆದರೆ ಅಪಾಯ ಅಳಿಯಲಿಲ್ಲ, ಸ್ಥಳ ಬದಲಿಸಿತು. ಸಾಕೆಟ್ಟಿನ ಸ್ಪ್ರಿಂಗು ಪಿನ್ನು ಹಳೆಯ ನೆಟ್ಟನೆಯ ಪಿನ್ನಿಗಿಂತಲೂ ನವಿರು, ಅದರ ಸಹಜ ಆಕಾರವೇ ಬಾಗು. ಅದನ್ನು ಮೊದಲಿನ ಬಾಗಿಗೆ ತರುವುದು ನೆಟ್ಟಗೆ ಮಾಡುವುದಕ್ಕಿಂತ ಕಠಿಣ.

ಹಳೆಯ ಪದ್ಧತಿಯ ಲಕ್ಷಾಂತರ ಪ್ರೊಸೆಸರುಗಳು ಇನ್ನೂ ಶಾಲೆ, ಕಚೇರಿ, ಮನೆಗಳಲ್ಲಿ ದುಡಿಯುತ್ತಿವೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗಳಲ್ಲಿ ಅವು ಕೈಯಿಂದ ಕೈಗೆ ದಾಟುತ್ತಲೂ ಇವೆ. ಅಂಥದ್ದೊಂದು ಪಿನ್ನು ಕಳೆದುಕೊಂಡು ಗುಜರಿಗೆ ಬಿದ್ದರೆ, ಅದರಲ್ಲಿ ಉಳಿದಿರುವ ನೂರಾರು ಕೋಟಿ ಟ್ರಾನ್ಸಿಸ್ಟರುಗಳಿಗೆ ಬೆಲೆಯಿಲ್ಲ, ಪಿನ್ನುಗಳ ಮೇಲಿನ ಚಿನ್ನದ ಲೇಪಕ್ಕಷ್ಟೇ ಬೆಲೆ. ಅದನ್ನು ಆ ಗತಿಯಿಂದ ತಪ್ಪಿಸಲು ಬೇಕಾದ ಸಾಮಗ್ರಿ ಒಂದು ಭೂತಗನ್ನಡಿ, ಒಂದು ನಕ್ಷೆ ಮತ್ತು ಅವಸರಪಡದ ಕೈ. ಉಳಿಸಿಕೊಂಡ ಪ್ರೊಸೆಸರನ್ನು ಮುಂದೆ ಇನ್ನೊಬ್ಬರಿಗೆ ದಾಟಿಸುವಾಗ, ಯಾವ ಸಾಲಿನ ಎಷ್ಟನೆಯ ಪಿನ್ನು ಮುರಿದಿತ್ತು, ಬೆಸುಗೆಯಾಗಿದೆಯೋ ಹಾಗೆಯೇ ಬಿಟ್ಟಿದೆಯೋ ಎಂಬುದನ್ನು ಅದರ ಡಬ್ಬಿಯ ಮೇಲೆ ಬರೆದಿಡುವುದು ಒಳ್ಳೆಯ ದುರಸ್ತಿಗಾರರ ವಾಡಿಕೆಯಾಗಬೇಕು. ಎಂದಾದರೂ ಒಂದು ಮೆಮೊರಿ ಚಾನೆಲ್ ಕೈಕೊಟ್ಟಾಗ ಅದನ್ನು ತೆರೆದು ನೋಡುವವರಿಗೆ, 1331ರಲ್ಲಿ ಯಾವ ಒಂದು ಪಿನ್ನಿನ ಬಳಿ ಹುಡುಕಾಟ ಶುರುಮಾಡಬೇಕು ಎಂಬುದು ಆ ಒಂದು ಸಾಲಿನಿಂದಲೇ ತಿಳಿಯುತ್ತದೆ.